ಗಣಿಯ ಬಾಯಿಂದ ಬಂದರಿನವರೆಗೆ: 1900ರಿಂದ 1939ರ ತನಕ ಕಲ್ಲಿದ್ದಲಿನ ಬೆಲೆ

ಎಲ್ಲರಿಗೂ ನಮಸ್ಕಾರ.

ಕಲ್ಲಿದ್ದಲಿನ ಇತಿಹಾಸ ಅಂದ ಕೂಡಲೇ ಯಾವ ವರ್ಷ ಎಷ್ಟು ಟನ್ ತೆಗೆದರು ಅನ್ನುವ ಪಟ್ಟಿ ಮುಂದಿಡುವುದು ವಾಡಿಕೆ. ಆ ಅಂಕಿಗಳು ಬೇಕು, ನಾನೂ ಕೆಲವನ್ನು ಹೇಳುತ್ತೇನೆ. ಆದರೆ ಇವತ್ತು ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಬೆಲೆಯ ಬಗ್ಗೆ. ಕಳೆದ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಭಾರತದ ಕಲ್ಲಿದ್ದಲಿನ ಬೆಲೆಯನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಸಾಗಣೆ. ವ್ಯಾಗನ್ ಸಿಕ್ಕಿದರೆ ಒಂದು ಬೆಲೆ, ಸಿಗದಿದ್ದರೆ ಇನ್ನೊಂದು. ಬೆಲೆ ಏರಿದಾಗ ಲಾಭ ಎಲ್ಲೆಲ್ಲೋ ಹಂಚಿಹೋಯಿತು. ಇಳಿದಾಗ ಮಾತ್ರ ಅದರ ಪೂರ್ತಿ ಭಾರ ಗಣಿಯೊಳಗಿನ ಕೂಲಿಯವರ ಮೇಲೆ ಬಿತ್ತು.

ನಮ್ಮ ದೇಶದ ಕಲ್ಲಿದ್ದಲು ಆಗ ಬಹುಪಾಲು ಬರುತ್ತಿದ್ದುದು ಎರಡೇ ಕಡೆಯಿಂದ. ಒಂದು ಬಂಗಾಳದ ರಾಣಿಗಂಜ್, ಇನ್ನೊಂದು ಅದರ ಪಶ್ಚಿಮಕ್ಕಿರುವ ಝರಿಯಾ. ರಾಣಿಗಂಜ್‌ನಲ್ಲಿ 1774ರಲ್ಲೇ ಅಗೆತ ಶುರುವಾಗಿತ್ತು. ಆದರೆ ಸುಮಾರು 80 ವರ್ಷ ಅದು ಅಲ್ಲಲ್ಲೇ ಕುಂಟುತ್ತಿತ್ತು. ಕಲ್ಲಿದ್ದಲನ್ನು ಮಳೆಗಾಲದಲ್ಲಿ ದಾಮೋದರ ನದಿ ತುಂಬಿದಾಗ ದೋಣಿಯಲ್ಲಿ ಕಲ್ಕತ್ತೆಗೆ ಸಾಗಿಸಬೇಕಿತ್ತು. 1855ರಲ್ಲಿ ರೈಲು ಬಂತು, ಗಣಿಗಳು ಬೆಳೆದವು. ಝರಿಯಾದ್ದೂ ಇದೇ ಕತೆ. ಅಲ್ಲಿನ ಪದರಗಳು ದಪ್ಪ, ನೆಲದ ಮೇಲ್ಮೈಗೆ ಹತ್ತಿರ, ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಪಡೆಯುವ ಗಟ್ಟಿ ಇಂಧನ, ಮಾಡಲು ಹೇಳಿಮಾಡಿಸಿದಂಥ ಕಲ್ಲಿದ್ದಲು. ಇಷ್ಟೆಲ್ಲ ಇದ್ದರೂ 1890ರ ದಶಕದ ಮಧ್ಯದಲ್ಲಿ ರೈಲು ಹಳಿ ಬರುವವರೆಗೆ ಅದಕ್ಕೆ ಮಾರುಕಟ್ಟೆಯೇ ಇರಲಿಲ್ಲ. ಹಳಿ ಬಿದ್ದು ಹತ್ತು ಹನ್ನೆರಡು ವರ್ಷದಲ್ಲಿ ಅದು ರಾಣಿಗಂಜನ್ನೇ ಹಿಂದೆ ಹಾಕಿತು.

1900ರಲ್ಲಿ ಭಾರತದ ಒಟ್ಟು ಉತ್ಪಾದನೆ ಸುಮಾರು 61 ಲಕ್ಷ ಟನ್. 1906ಕ್ಕೆ ಸುಮಾರು 98 ಲಕ್ಷ. 1908ಕ್ಕೆ 1.27 ಕೋಟಿ. ಎರಡೇ ವರ್ಷದಲ್ಲಿ 30 ಲಕ್ಷ ಟನ್ ಹೆಚ್ಚಾಗಿದ್ದು ನೋಡಿ. 1907–08ರಲ್ಲಿ ಕಲ್ಲಿದ್ದಲಿಗೆ ಭಾರಿ ಬೇಡಿಕೆ ಬಂದು ಬೆಲೆ ಜಿಗಿದಿತ್ತು. ಕಲ್ಕತ್ತೆಯಲ್ಲಿ ಹೊಸ ಹೊಸ ಕಂಪನಿಗಳು ಹುಟ್ಟಿಕೊಂಡವು, ಷೇರುಗಳಿಗೆ ಜನ ಮುಗಿಬಿದ್ದರು. ದೊಡ್ಡ ಗಣಿಗಳು ಆಂಡ್ರೂ ಯೂಲ್, ಬರ್ಡ್ ಮುಂತಾದ ಬ್ರಿಟಿಷ್ ಮ್ಯಾನೇಜಿಂಗ್ ಏಜೆನ್ಸಿಗಳ, ಅಂದರೆ ಹಲವು ಕಂಪನಿಗಳ ಆಡಳಿತ ನಡೆಸುವ ಸಂಸ್ಥೆಗಳ, ಕೈಯಲ್ಲಿದ್ದವು. ಝರಿಯಾದಲ್ಲಿ ಮಾತ್ರ ಸಣ್ಣಪುಟ್ಟ ಭಾರತೀಯ ಮಾಲೀಕರೂ ಜಾಸ್ತಿ. ಬಂಗಾಳಿಗಳಿದ್ದರು. ರೈಲ್ವೆ ಗುತ್ತಿಗೆಗೆಂದು ದೂರದ ಕಛ್‌ನಿಂದ ಬಂದು ಗಣಿ ಮಾಲೀಕರಾದವರೂ ಇದ್ದರು. ಪದರ ಮೇಲೇ ಇದ್ದುದರಿಂದ ಅಲ್ಲಿ ಗಣಿ ತೆರೆಯಲು ದೊಡ್ಡ ಬಂಡವಾಳ ಬೇಕಿರಲಿಲ್ಲ. ಬೆಲೆ ಏರಿದರೆ ಅಗೆಯುವುದು, ಇಳಿದರೆ ಹಾಗೇ ಬಿಟ್ಟುಹೋಗುವುದು. ಈ ಅಭ್ಯಾಸದ ಫಲ ಎಂಥದು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಈ ಕಲ್ಲಿದ್ದಲನ್ನು ಕಡಿಯುತ್ತಿದ್ದವರು ಯಾರು? ಸಂತಾಲರು, ಬಾವುರಿಗಳು, ಸುತ್ತಲಿನ ಹಳ್ಳಿಗಳ ಸಣ್ಣ ರೈತರು. ಗಂಡಸು ಗುದ್ದಲಿ ಹಿಡಿದು ಕಡಿಯುತ್ತಿದ್ದ, ಅವನಿಗೆ ಮಲ್ಕಟ್ಟಾ ಅನ್ನುತ್ತಿದ್ದರು. ಹೆಂಡತಿಯೋ ತಂಗಿಯೋ ಬುಟ್ಟಿಯಲ್ಲಿ ಹೊತ್ತು ಟಬ್ಬಿಗೆ, ಅಂದರೆ ಗಣಿಯ ಪುಟ್ಟ ಗಾಡಿಗೆ, ತುಂಬುತ್ತಿದ್ದಳು, ಅವಳು ಕಾಮಿನ್. ಕೂಲಿ ಟಬ್ ಲೆಕ್ಕದಲ್ಲಿ. ಟಬ್ ಸ್ವಲ್ಪ ಖಾಲಿ ಕಂಡರೆ ಗುಮಾಸ್ತ ಕೂಲಿ ಕಡಿತ ಮಾಡುತ್ತಿದ್ದ. ಬಿತ್ತನೆ, ಕೊಯ್ಲಿನ ಕಾಲ ಬಂದರೆ ಇವರು ಊರಿಗೆ ಹೊರಟುಬಿಡುತ್ತಿದ್ದರು, ಗಣಿ ಅರ್ಧ ಖಾಲಿ. ಮಾಲೀಕರು ಇದನ್ನು ಸೋಮಾರಿತನ ಅನ್ನುತ್ತಿದ್ದರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಗಣಿಯ ಕೂಲಿ ಯಾವಾಗ ನಿಲ್ಲುತ್ತದೋ ಹೇಳಲಾಗದು, ಹೊಲದ ಭತ್ತ ಮನೆಯವರ ಹೊಟ್ಟೆ ತುಂಬಿಸುತ್ತದೆ. ಹಾಗಿರುವಾಗ ಅವರು ಹೊಲ ಬಿಡದೇ ಇದ್ದುದು ಜಾಣತನವೇ, ಅಲ್ವಾ?

ಈಗ ಯುದ್ಧಕಾಲಕ್ಕೆ ಬರೋಣ. ಸಾಗಣೆ ಬೆಲೆಯನ್ನು ಹೇಗೆ ಆಡಿಸಿತು ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮುಂಬೈಯ ಬಟ್ಟೆ ಗಿರಣಿಗಳಿಗೆ ಝರಿಯಾದ ಕಲ್ಲಿದ್ದಲು ಹೇಗೆ ಹೋಗುತ್ತಿತ್ತು ಗೊತ್ತಾ? ಮೊದಲು ರೈಲಿನಲ್ಲಿ ಪೂರ್ವಕ್ಕೆ, ಕಲ್ಕತ್ತೆಯ ಖಿದಿರ್‌ಪುರ ಹಡಗುಕಟ್ಟೆಗೆ. ಅಲ್ಲಿಂದ ಹಡಗಿನಲ್ಲಿ ಸಿಂಹಳ ಸುತ್ತಿ ಪಶ್ಚಿಮ ಕರಾವಳಿಗೆ. ನಕ್ಷೆ ನೋಡಿದರೆ ಹುಚ್ಚುತನ ಅನಿಸಬಹುದು. ಆದರೆ ನೇರ ರೈಲಿಗಿಂತ ಇದೇ ಅಗ್ಗವಾಗಿತ್ತು. 1914ರಲ್ಲಿ ಯುದ್ಧ ಶುರುವಾದ ಮೇಲೆ ಹಡಗುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುತ್ತಾ ಹೋಯಿತು. ಸಮುದ್ರದ ದಾರಿ ಕಟ್ಟಿತು. ಅಷ್ಟೂ ಕಲ್ಲಿದ್ದಲು ನೇರ ರೈಲಿನ ಮೇಲೆ ಬಿತ್ತು. ಒಂದು ವ್ಯಾಗನ್ ಮುಂಬೈಗೆ ಹೋಗಿ ಬರುವಷ್ಟರಲ್ಲಿ ಕಲ್ಕತ್ತೆಗೆ ಹಲವು ಸಲ ಹೋಗಿ ಬರಬಹುದು. ಹಾಗಾಗಿ ವ್ಯಾಗನ್ನುಗಳ ಬರ ಬಂತು. ಗಣಿಯ ಬಾಯಲ್ಲಿ ಕಲ್ಲಿದ್ದಲು ಗುಡ್ಡೆ ಬಿದ್ದಿತ್ತು, ಗಿರಣಿಯಲ್ಲಿ ಬಾಯ್ಲರಿಗೆ ಹಾಕಲು ಇಲ್ಲ. ಒಂದೇ ದೇಶದಲ್ಲಿ, ಒಂದೇ ಹೊತ್ತಿನಲ್ಲಿ. 1917ರಲ್ಲಿ ಸರ್ಕಾರ ಕಲ್ಲಿದ್ದಲು ನಿಯಂತ್ರಕನನ್ನು ನೇಮಿಸಿ, ಯಾರಿಗೆ ಎಷ್ಟು ಅನ್ನುವುದನ್ನು ತಾನೇ ಹಂಚತೊಡಗಿತು. ರೈಲ್ವೆಯ ಪಾಲು ಮೊದಲು, ಉಳಿದದ್ದು ಉಳಿದವರಿಗೆ.

ಉತ್ಪಾದನೆ ನೋಡಿ. 1914ರಲ್ಲಿ ಸುಮಾರು 1.65 ಕೋಟಿ ಟನ್ ಇದ್ದದ್ದು 1919ಕ್ಕೆ 2.26 ಕೋಟಿಗೆ ಏರಿತು. ಮರುವರ್ಷವೇ 1.8 ಕೋಟಿಗೆ ಕುಸಿಯಿತು. ಆದರೂ ಬೆಲೆ ಇಳಿಯಲಿಲ್ಲ, ಏರಿತು. ಯುದ್ಧ ಮುಗಿದಿದ್ದರೂ ವ್ಯಾಗನ್ ಕೊರತೆ ಮುಗಿದಿರಲಿಲ್ಲ. ಗಾಬರಿಗೊಂಡ ಸರ್ಕಾರ 1920ರಲ್ಲಿ ರಫ್ತಿಗೆ ತಡೆ ಹಾಕಿತು. 1923ರ ಆರಂಭದಲ್ಲಿ ಅದನ್ನು ತೆಗೆಯುವ ಹೊತ್ತಿಗೆ ಕೊಲಂಬೊ, ಸಿಂಗಾಪುರದ ಗಿರಾಕಿಗಳು ಬೇರೆ ಕಡೆ ಹೋಗಿಯಾಗಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಮುಂಬೈಯದ್ದು. ದಕ್ಷಿಣ ಆಫ್ರಿಕಾದ ರೈಲ್ವೆ ರಫ್ತಿನ ಕಲ್ಲಿದ್ದಲಿಗೆ ಸಾಗಣೆ ದರದಲ್ಲಿ ರಿಯಾಯಿತಿ ಕೊಟ್ಟಿತು. ಹಿಂದೂ ಮಹಾಸಾಗರ ದಾಟಿ ಬಂದ ಅಲ್ಲಿನ ನಟಾಲ್ ಪ್ರಾಂತ್ಯದ ಕಲ್ಲಿದ್ದಲು ನಮ್ಮದೇ ಝರಿಯಾದ ಕಲ್ಲಿದ್ದಲಿಗೆ ಮುಂಬೈಯಲ್ಲಿ ಸವಾಲಾಯಿತು!

ದೂರು ಬರೀ ಬೆಲೆಯದ್ದಲ್ಲ, ಗುಣಮಟ್ಟದ್ದೂ ಇತ್ತು. ಬೇಡಿಕೆ ಜಾಸ್ತಿ ಇದ್ದಾಗ ಕೆಲವರು ಕಲ್ಲು, ಪುಡಿ ಎಲ್ಲ ಸೇರಿಸಿ ಕಳಿಸಿದ್ದರು. ಒಮ್ಮೆ ಹೋದ ನಂಬಿಕೆ ಸುಮ್ನೆ ವಾಪಸ್ ಬರುವುದಿಲ್ಲ. ಫ್ರಾಂಕ್ ನಾಯ್ಸ್ ಅಧ್ಯಕ್ಷತೆಯ ಸಮಿತಿ ಕೂತು ಶಿಫಾರಸು ಮಾಡಿದ ಮೇಲೆ 1925ರಲ್ಲಿ ರಫ್ತಿನ ಕಲ್ಲಿದ್ದಲಿಗೆ ದರ್ಜೆ ಕೊಡುವ ಮಂಡಳಿ ಬಂತು.

ಹೊರದೇಶಗಳ ಮಾತನ್ನು ಬೇಗ ಮುಗಿಸುತ್ತೇನೆ. ಬ್ರಿಟನ್ 1913ರಲ್ಲಿ 28.7 ಕೋಟಿ ಟನ್ ತೆಗೆಯಿತು. ಅದೇ ಅವರ ಶಿಖರ, ಮತ್ತೆಂದೂ ಅಷ್ಟು ತೆಗೆಯಲಿಲ್ಲ. ಅವರ ರಫ್ತಿನ ಬೆಲೆ ಆ ವರ್ಷ ಟನ್ನಿಗೆ ಸುಮಾರು 14 ಶಿಲ್ಲಿಂಗ್ ಇದ್ದದ್ದು 1920ರಲ್ಲಿ ಸುಮಾರು 80ಕ್ಕೆ ಹೋಯಿತು. ಮುಂದಿನ ವರ್ಷ ಕುಸಿಯಿತು. ಅಮೆರಿಕದಲ್ಲಿ ಗಣಿಯ ಬಾಯಲ್ಲಿ ಮೆದು ಕಲ್ಲಿದ್ದಲಿಗೆ 1913ರಲ್ಲಿ ಟನ್ನಿಗೆ 1.18 ಡಾಲರ್, 1920ರಲ್ಲಿ 3.75, 1932ರಲ್ಲಿ 1.31. ಇಪ್ಪತ್ತು ವರ್ಷದಲ್ಲಿ ಬೆಲೆ ಏರಿಳಿದು ಹೆಚ್ಚುಕಡಿಮೆ ಹೊರಟಲ್ಲಿಗೇ ಬಂತು. ಬ್ರಿಟನ್ನಿನಲ್ಲಿ 1926ರಲ್ಲಿ ಮಾಲೀಕರು ಕೂಲಿ ಇಳಿಸಲು, ಕೆಲಸದ ಹೊತ್ತು ಹೆಚ್ಚಿಸಲು ಹೊರಟಾಗ ಗಣಿ ಕಾರ್ಮಿಕರು ಒಪ್ಪಲಿಲ್ಲ. ಅವರ ಬೆಂಬಲಕ್ಕೆ ಇಡೀ ದೇಶದ ಕಾರ್ಮಿಕರು ಮೇ ತಿಂಗಳಲ್ಲಿ 9 ದಿನ ಮುಷ್ಕರ ಹೂಡಿದರು. ಆಮೇಲೂ ಗಣಿಯವರು ತಿಂಗಳುಗಟ್ಟಲೆ ಒಬ್ಬಂಟಿಯಾಗಿ ಹೋರಾಡಿ, ಹಸಿವಿಗೆ ಸೋತು ಕೆಲಸಕ್ಕೆ ಮರಳಿದರು. ಅಲ್ಲಿ ಕನಿಷ್ಠ ಸಂಘವಿತ್ತು, ಜಗಳ ಆಡಲು ದನಿ ಇತ್ತು.

ನಮ್ಮ ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲೇ ಇಲ್ಲ. ದೂರದಿಂದ ತರಿಸಿದರೆ ಸಾಗಣೆ ಖರ್ಚೇ ಹೊರಲಾಗದಷ್ಟು. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು 1902ರಲ್ಲಿ ವಿದ್ಯುತ್ ಕೊಟ್ಟದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆ ಸಾಹಸದ ಹಿಂದೆ ದುಬಾರಿ ಇಂಧನದ ಒತ್ತಡವೂ ಇತ್ತು ಅನ್ನುವುದನ್ನು ಮರೆಯಬಾರದು. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆಗೆ ಹಾಕಿದ್ದು ಮಲೆನಾಡಿನ ಮರದ ಇದ್ದಿಲು. ಕೋಕ್ ಇಲ್ಲದ ನಾಡಿಗೆ ಅದೇ ದಾರಿ. ಕಾಡು ಅದರ ಬೆಲೆ ತೆತ್ತಿತು. ಮುಂಬೈ ಗಿರಣಿಗಳೂ 1915ರಿಂದ ಟಾಟಾ ಜಲವಿದ್ಯುತ್ತಿಗೆ ತಿರುಗಿದವು. ಹೀಗೆ ಕಲ್ಲಿದ್ದಲು ದುಬಾರಿಯಾದಷ್ಟೂ ಅದರ ಗಿರಾಕಿಗಳು ಬೇರೆ ದಾರಿ ಹುಡುಕಿಕೊಂಡರು.

ಜಗತ್ತಿನ ಆರ್ಥಿಕ ಮಹಾ ಕುಸಿತದ ಕಾಲಕ್ಕೆ, ಅಂದರೆ 1930ರ ದಶಕದ ಮೊದಲ ವರ್ಷಗಳಿಗೆ ಬಂದರೆ, ಬೆಲೆ ನೆಲಕಚ್ಚಿತ್ತು. ರೈಲ್ವೆಯೇ ಅತಿ ದೊಡ್ಡ ಗಿರಾಕಿ. ಅದರ ಬಳಿ ಸ್ವಂತ ಗಣಿಗಳೂ ಇದ್ದುದರಿಂದ ಅದು ಹೇಳಿದ ದರಕ್ಕೆ ಮಾರುವವರು ತಲೆಬಾಗಬೇಕಿತ್ತು. ಆಗ ಖರ್ಚು ಉಳಿಸುವ ಸುಲಭ ದಾರಿ ಒಂದಿತ್ತು. ಗಣಿಯ ಚಾವಣಿ ಬೀಳದಂತೆ ನಡುನಡುವೆ ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟಿರುತ್ತಾರೆ. ಆ ಕಂಬಗಳನ್ನೇ ಕಡಿದು ತೆಗೆದರೆ ಹೊಸ ಸುರಂಗ ತೋಡುವ ಕೆಲಸವಿಲ್ಲ. ತುಂಬ ಕಡೆ ಅದನ್ನೇ ಮಾಡಿದರು. ಮೇಲಿನ ನೆಲ ಕುಸಿಯಿತು. ಬಿರುಕಿನಿಂದ ಗಾಳಿ ಒಳಗೆ ಹೋಗಿ, ಉಳಿದ ಕಲ್ಲಿದ್ದಲಿಗೆ ತಾನಾಗಿಯೇ ಬೆಂಕಿ ಹತ್ತಿತು. ಝರಿಯಾದಲ್ಲಿ ಇಂಥ ಬೆಂಕಿ 1916ರಲ್ಲೇ ಕಾಣಿಸಿಕೊಂಡಿತ್ತು. ಆ ಬೆಂಕಿ ಇಂದಿಗೂ ಪೂರ್ತಿ ಆರಿಲ್ಲ. ದೇಶದ ಅತ್ಯುತ್ತಮ ಕೋಕಿಂಗ್ ಕಲ್ಲಿದ್ದಲನ್ನು ಅಗ್ಗದ ಬೆಲೆಗೆ ಹೀಗೆ ಹಾಳು ಮಾಡಿದ್ದನ್ನು ಓದುವಾಗ ನನಗೆ ಸಂಕಟವಾಗುತ್ತದೆ.

ಇದೇ ಹೊತ್ತಿಗೆ ನೆಲದಡಿ ಹೆಂಗಸರು ಕೆಲಸ ಮಾಡುವುದನ್ನು 1929ರಿಂದ ಹಂತಹಂತವಾಗಿ ನಿಲ್ಲಿಸುತ್ತಾ ಬಂದರು. ನಿಲ್ಲಿಸಿದ್ದು ಸರಿಯೇ. ಆದರೆ ಗಂಡ ಹೆಂಡತಿ ಜೊತೆಗೂಡಿ ತರುತ್ತಿದ್ದ ಕೂಲಿಯಲ್ಲಿ ಒಂದು ಪಾಲು ಹೋಯಿತು. ಅದನ್ನು ತುಂಬಿಕೊಡಬೇಕು ಅನ್ನುವ ಕಾಳಜಿ ಕಾನೂನಿನಲ್ಲಿ ಇರಲಿಲ್ಲ.

1936ರ ಡಿಸೆಂಬರಿನಲ್ಲಿ ಪೊಯ್ದಿಹ್ ಗಣಿಯಲ್ಲಿ ಸ್ಫೋಟವಾಗಿ 209 ಜನ ಸತ್ತರು. ಆ ಹೊತ್ತಿನ ದುರಂತಗಳ ಬಳಿಕ ಬರೋಸ್ ಅಧ್ಯಕ್ಷತೆಯ ಸಮಿತಿ ಗಣಿಗಾರಿಕೆಯ ಕ್ರಮವನ್ನೇ ಪರಿಶೀಲಿಸಿತು. 1939ರಲ್ಲಿ ಹೊಸ ಕಾಯಿದೆ ಬಂತು. ಕಲ್ಲಿದ್ದಲು ತೆಗೆದ ಜಾಗಕ್ಕೆ ಮರಳು ತುಂಬಿ ಗಟ್ಟಿ ಮಾಡಲು ನೆರವಾಗುವುದು ಅದರ ಉದ್ದೇಶ. ಅದಕ್ಕೆ ಹಣ ಎಲ್ಲಿಂದ? ಗಣಿಯಿಂದ ಹೊರಹೋಗುವ ಕಲ್ಲಿದ್ದಲು, ಕೋಕ್‌ನ ಮೇಲೆ ಸಣ್ಣದೊಂದು ಸೆಸ್. ಒಳಗೆ ಕೆಲಸ ಮಾಡುವವರ ಜೀವ ಕಾಯುವ ಖರ್ಚಿನ ಒಂದು ಪಾಲು ಆಗ ಟನ್ನಿನ ಬೆಲೆಗೆ ಸೇರಿತು. ಝರಿಯಾಕ್ಕೆ ರೈಲು ಬಂದು ಅಷ್ಟರಲ್ಲಿ 40 ವರ್ಷ ದಾಟಿತ್ತು.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.