ಗಾಡಿ ತಗ್ಗಿಸುವ ಮೊದಲು ಅಡಿಗೆ ನುಗ್ಗಿ ನೋಡಿ

ಎಲ್ಲರಿಗೂ ನಮಸ್ಕಾರ. ಮೈಕ್ ಹಿಡಿದು ನನಗೆ ಅಭ್ಯಾಸ ಇಲ್ಲ, ಸ್ಪ್ಯಾನರ್ ಹಿಡಿದು ಮಾತ್ರ ಇದೆ. ಹನ್ನೊಂದು ವರ್ಷ ಗಲ್ಫಿನ ಗ್ಯಾರೇಜುಗಳಲ್ಲಿ ದುಡಿದೆ, ಆಮೇಲೆ ಉಡುಪಿಯಲ್ಲೇ. ನಿಮ್ಮ ಮಾಷ್ಟ್ರು ಫೋನ್ ಮಾಡಿ, "ಹಳೆ ಪಿಕಪ್ ತಗ್ಗಿಸುವುದರ ಬಗ್ಗೆ ಸ್ವಲ್ಪ ಹೇಳಿ ಮಾರಾಯ್ರೆ, ಮಕ್ಕಳು ಮೊಬೈಲ್ ನೋಡಿ ಹೇಗೂ ಮಾಡ್ತಾರೆ" ಅಂದರು. ಅದಕ್ಕೆ ಬಂದಿದ್ದೇನೆ. ತಗ್ಗಿಸುವುದು ಅಂದರೆ ಗಾಡಿಯ ಎತ್ತರ ಕಡಿಮೆ ಮಾಡಿ ನೆಲಕ್ಕೆ ಹತ್ತಿರ ಕೂರಿಸುವುದು.

ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ಊರಿಗೆ ಬಂದ ಮೇಲೆ ನನಗೊಂದು ಹಳೆ ಪಿಕಪ್ ಅಗ್ಗಕ್ಕೆ ಸಿಕ್ಕಿತು. ಮಲ್ಪೆಯಿಂದ ಮೀನು ಸಾಗಿಸುತ್ತಿದ್ದ ಗಾಡಿ. ಮುಂದೆ ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಹಿಂದೆ ಪ್ಲೇಟ್ ಸೆಟ್, ಅಂದರೆ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳು. ಖಾಲಿ ನಿಂತರೆ ಹುಲ್ಲು ಮೇಯುವ ಎಮ್ಮೆಯ ಹಾಗೆ ಮೂತಿ ಕೆಳಗೆ, ಹಿಂಭಾಗ ಮೇಲೆ. ಪಿಕಪ್‌ಗಳು ಹೆಚ್ಚಾಗಿ ಹಾಗೇ. ಹಿಂದಿನ ಪ್ಲೇಟ್‌ಗಳನ್ನು ಲೋಡಿಗೆಂದೇ ಗಟ್ಟಿ ಮಾಡಿರುತ್ತಾರೆ. ನಾನು ಹಿಂದೆ ಪ್ಲೇಟ್ ಸೆಟ್ಟಿಗೂ ಆಕ್ಸಲಿಗೂ ನಡುವೆ 3 ಇಂಚು ದಪ್ಪದ ತುಂಡು, ಅಂದರೆ ಬ್ಲಾಕ್ ಹಾಕಿದೆ, ಮುಂದೆ ಒಂದೂವರೆ ಇಂಚು ಇಳಿಸಿದೆ. ನೆಟ್ಟಗೆ ಕೂತಿತು. ನಾಲ್ಕು ದಿನ ಗ್ಯಾರೇಜಿನ ಎದುರು ನಿಲ್ಲಿಸಿ ನಾನೇ ನೋಡಿ ಖುಷಿಪಟ್ಟೆ.

ಜೂನ್ ತಿಂಗಳು. ಸಂತೆಕಟ್ಟೆಯ ಹತ್ತಿರ ಹೈವೇ, ಸಣ್ಣ ಮಳೆ, ಸ್ಪೀಡು ಜಾಸ್ತಿ ಏನಿಲ್ಲ. ಒಂದು ನಾಯಿ ಅಡ್ಡ ಬಂತು. ಬ್ರೇಕ್ ಒತ್ತಿದೆ. ಮುಂಭಾಗ ನಿಧಾನ ಆಗುವ ಮೊದಲೇ ಹಿಂದಿನ ಎರಡೂ ಚಕ್ರ ಕಚ್ಚಿ ನಿಂತವು. ಗಾಡಿ ಅಡ್ಡಡ್ಡ ತಿರುಗಿ ಡಿವೈಡರಿಗೆ ಮುಖ ಮಾಡಿ ನಿಂತಿತು. ನಾಯಿ ನನ್ನನ್ನು ನೋಡಿಕೊಂಡು ಹೋಯಿತು. ಹಿಂದೆ ಬೇರೆ ಗಾಡಿ ಇರಲಿಲ್ಲ, ಹಾಗಾಗಿ ಇವತ್ತು ಇಲ್ಲಿ ನಿಂತಿದ್ದೇನೆ.

ಟೈರು ಹೊಸದು. ಬ್ರೇಕ್ ಲೈನರ್ ಕೂಡ ಹೊಸದು. ಮನೆಗೆ ಬಂದು ಟಾರ್ಚ್ ಹಿಡಿದು ಅಡಿಗೆ ಮಲಗಿದೆ. ಅರ್ಧ ಗಂಟೆ ಹುಡುಕಿದ ಮೇಲೆ ಕಣ್ಣಿಗೆ ಬಿತ್ತು: ಹಿಂದಿನ ಹೌಸಿಂಗಿನಿಂದ (ಆಕ್ಸಲ್ ಒಳಗಿರುವ ಕಬ್ಬಿಣದ ಕವಚ) ಚಾಸಿಗೆ ಹೋಗುವ, ಬೆರಳು ದಪ್ಪದ ಒಂದು ರಾಡು. ಅದರ ತುದಿಯಲ್ಲಿ ಬ್ರೇಕಿನ ಒಂದು ವಾಲ್ವ್. ಲೋಡ್ ಸೆನ್ಸಿಂಗ್ ವಾಲ್ವ್ ಅನ್ನುತ್ತಾರೆ.

ಅದರ ಕೆಲಸ ಹೀಗೆ. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆ. ಪೂರ್ತಿ ಒತ್ತಡ ಕೊಟ್ಟರೆ ಅವು ಬೇಗ ಲಾಕ್ ಆಗುತ್ತವೆ. ಹಾಗಾಗಿ ವಾಲ್ವ್ ಹಿಂದಕ್ಕೆ ಹೋಗುವ ಒತ್ತಡ ತಡೆಯುತ್ತದೆ. ಲೋಡ್ ಹಾಕಿದಾಗ ಚಾಸಿ ಕೆಳಗೆ ಕೂರುತ್ತದೆ, ರಾಡು ಅಲುಗುತ್ತದೆ, ವಾಲ್ವ್ ಹೆಚ್ಚು ಒತ್ತಡ ಬಿಡುತ್ತದೆ. ಭಾರ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ. ಚಾಸಿಗೂ ಹೌಸಿಂಗಿಗೂ ನಡುವಿನ ಅಂತರ ಒಂದೇ ಗೊತ್ತು. ನಾನು ಆ ಅಂತರವನ್ನು 3 ಇಂಚು ಕಡಿಮೆ ಮಾಡಿದ್ದೆ. ಖಾಲಿ ಗಾಡಿಯಲ್ಲಿ ಅದು ಮೀನು ತುಂಬಿದೆ ಅಂದುಕೊಂಡು ಬ್ರೇಕ್ ಕೊಟ್ಟಿತು. ವಾಲ್ವಿನದ್ದು ತಪ್ಪಿಲ್ಲ, ಅದಕ್ಕೆ ಸುಳ್ಳು ಹೇಳಿದ್ದು ನಾನು. ಆಮೇಲೆ ಹೌಸಿಂಗಿನ ಮೇಲಿನ ಬ್ರಾಕೆಟನ್ನು ಬ್ಲಾಕಿನ ದಪ್ಪದಷ್ಟೇ ಕೆಳಗೆ ತಂದು, ಮ್ಯಾನ್ಯುಯಲ್‌ನಲ್ಲಿದ್ದ ಅಳತೆಗೆ ಕೂರಿಸಿದೆ.

ಇವತ್ತು ನಾನು ಹೇಳಲು ಬಂದದ್ದು ಇದನ್ನೇ. ಗಾಡಿಯ ಎತ್ತರ ನೋಡಿಕೊಂಡು ಕೆಲಸ ಮಾಡುವ ಭಾಗಗಳು ಬಹಳ ಇವೆ. ನೀವು ತಗ್ಗಿಸಿದ ಕೂಡಲೇ ಅವಕ್ಕೆಲ್ಲ ಸುಳ್ಳು ಹೇಳಿದ ಹಾಗೆ. ಒಂದೊಂದನ್ನೇ ಹುಡುಕಿ ಸರಿ ಮಾಡಬೇಕು.

ಬ್ಲಾಕ್ ಅಂದೆನಲ್ಲ, ಅದನ್ನು ನೋಡೋಣ. ಪ್ಲೇಟ್ ಸೆಟ್ ಹೌಸಿಂಗಿನ ಮೇಲೆ ಕೂತಿರುವ ಗಾಡಿಗೆ ಮಾತ್ರ ಇದು ಆಗುತ್ತದೆ. ಎರಡರ ನಡುವೆ ಬ್ಲಾಕ್ ಇಟ್ಟರೆ ಹೌಸಿಂಗಿನಿಂದ ಪ್ಲೇಟ್ ದೂರ ಹೋಗುತ್ತದಲ್ವಾ, ಹಾಗಾದರೆ ಗಾಡಿ ಏಳಬೇಕು! ಹೌದು, ಏಳುತ್ತದೆ. ನಾನು ಬೇಕೆಂದೇ ಉಲ್ಟಾ ಹೇಳಿದೆ. ಯಾರೂ ನಗಲಿಲ್ಲ, ಅಂದರೆ ಯಾರೂ ಯೋಚಿಸಲಿಲ್ಲ. ತಗ್ಗಬೇಕಾದರೆ ಹೌಸಿಂಗ್ ಪ್ಲೇಟಿನ ಮೇಲೆ ಇರಬೇಕು, ಬ್ಲಾಕ್ ಅವೆರಡರ ಮಧ್ಯೆ ಬರಬೇಕು. ನನ್ನ ಗಾಡಿಯಲ್ಲಿ ಹಾಗೆ ಇತ್ತು. ಪ್ಲೇಟ್ ಮೇಲೆ, ಹೌಸಿಂಗ್ ಕೆಳಗೆ ಇರುವ ಗಾಡಿಯಲ್ಲಿ ಹೌಸಿಂಗನ್ನೇ ಪ್ಲೇಟಿನ ಮೇಲಕ್ಕೆ ಕೂರಿಸುತ್ತಾರೆ. ಅದಕ್ಕೆ ಫ್ಲಿಪ್ ಅನ್ನುತ್ತಾರೆ. ಹೌಸಿಂಗಿನ ದಪ್ಪ, ಪ್ಲೇಟ್ ಸೆಟ್ಟಿನ ದಪ್ಪ, ಎರಡೂ ಸೇರಿ ಒಂದೇ ಸಲ ಇಳಿಯುತ್ತದೆ. ಹಾಗಾಗಿ ಹೌಸಿಂಗ್ ಹೋಗಿ ಚಾಸಿಗೆ ಬಡಿಯುತ್ತದೆ. ಚಾಸಿಯನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ, ದಪ್ಪ ಉಕ್ಕಿನ ತಗಡು ಕೊಟ್ಟು ಬೆಸುಗೆ ಹಾಕಬೇಕು. ರಸ್ತೆಗೆ ಹೋಗುವ ಗಾಡಿಗೆ ನಾನು ಇದನ್ನು ಮಾಡಿಕೊಡುವುದಿಲ್ಲ.

ಒಬ್ಬ ಹುಡುಗ ಬಂದು, "ಅಣ್ಣ, ಬ್ಲಾಕಿಗೆ ಹಲಸಿನ ಮರ ಆಗ್ತದಾ, ಮನೆಯಲ್ಲಿ ತುಂಡು ಉಂಟು" ಅಂತ ಕೇಳಿದ. ಹಲಸು ಬಾಗಿಲಿಗೆ ಒಳ್ಳೆಯದು. ಪ್ಲೇಟ್, ಬ್ಲಾಕ್, ಹೌಸಿಂಗ್ ಮೂರನ್ನೂ ಬಿಗಿಯುವ ಯು ಬೋಲ್ಟಿನ ಹಿಡಿತಕ್ಕೆ ಮರ ಕುಗ್ಗುತ್ತದೆ, ಬೋಲ್ಟ್ ಸಡಿಲ ಆಗುತ್ತದೆ, ಹೌಸಿಂಗ್ ಜಾರುತ್ತದೆ. ಉಕ್ಕು ಅಥವಾ ಗಟ್ಟಿ ಅಲ್ಯುಮಿನಿಯಂ ಬೇಕು. ಪ್ಲೇಟ್ ಸೆಟ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟಿನ ತಲೆ ಕೂರಲು ಒಂದು ಬದಿಗೆ ತೂತು, ಹೌಸಿಂಗಿನ ಬದಿಗೆ ಅದೇ ಅಳತೆಯ ಗುಬುಟು. ಒಂದರ ಮೇಲೊಂದು ಎರಡು ಬ್ಲಾಕ್ ಬೇಡ. ಬ್ಲಾಕಿನ ಮೇಲು ಕೆಳಗು ಸಮ ಇರಬೇಕು, ಇಲ್ಲದಿದ್ದರೆ ಹೌಸಿಂಗಿನ ಮೂತಿ ತಿರುಗಿ, ಪ್ರೊಪೆಲ್ಲರ್ ಶಾಫ್ಟ್ ನಡುಗಲು ಶುರುವಾಗಿ ಅದರ ಕೀಲಿನ ಕ್ರಾಸ್ ತಿನ್ನುತ್ತದೆ.

ಗ್ಯಾಸ್ ಕಟ್ಟರಿನಿಂದ ಪ್ಲೇಟ್ ಕಾಯಿಸಿ ಬಗ್ಗಿಸುವವರೂ ಇದ್ದಾರೆ. ಆ ಉಕ್ಕಿನ ಹದ ಒಲೆಯಲ್ಲಿ ಬಂದದ್ದು, ಬೆಂಕಿಯಲ್ಲೇ ಹೋಗುತ್ತದೆ. ಆಮೇಲೆ ಒಂದು ದಿನ ಮುರಿಯುತ್ತದೆ.

ಮುಂದಿನ ಟಾರ್ಶನ್ ಬಾರ್ ಸುಲಭ, ಅದೇ ಅಪಾಯ. ಬಾರಿನ ಹಿಂದಿನ ತುದಿಯಲ್ಲಿ ಅಡ್ಜಸ್ಟಿಂಗ್ ಬೋಲ್ಟ್ ಇರುತ್ತದೆ. ಸಡಿಲಿಸಿದರೆ ಗಾಡಿ ಇಳಿಯುತ್ತದೆ. ಮೊದಲು ಬಣ್ಣದಲ್ಲಿ ಗುರುತು ಹಾಕಿ, ಎಷ್ಟು ಸುತ್ತು ಅಂತ ಬರೆದಿಟ್ಟುಕೊಳ್ಳಿ. ಜಾಕ್ ಮೇಲೆ ಇದ್ದಾಗಲೇ ತಿರುಗಿಸಿ. ಆಮೇಲೆ ಇಳಿಸಿ, ನಾಲ್ಕು ಸಲ ಹಿಂದೆ ಮುಂದೆ ಉರುಳಿಸಿ, ಆಮೇಲೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಮೋಸ ಮಾಡುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪ್ ಹಿಡಿಯಿರಿ.

ಬೋಲ್ಟ್ ಸಡಿಲಿಸಿದರೆ ಬಾರಿನ ಗಟ್ಟಿತನ ಬದಲಾಗುವುದಿಲ್ಲ, ಚಕ್ರ ಮೇಲೆ ಹೋಗಲು ಉಳಿದ ಜಾಗ ಮಾತ್ರ ಕಡಿಮೆ ಆಗುತ್ತದೆ. ಚಕ್ರ ತೀರಾ ಮೇಲೆ ಹೋಗದಂತೆ ತಡೆಯುವ ಬಂಪ್ ಸ್ಟಾಪಿನ ರಬ್ಬರಿಗೆ 3 ಇಂಚು ದೂರ ಇದ್ದದ್ದು ಒಂದೂವರೆ ಉಳಿದರೆ, ಸಣ್ಣ ಗುಂಡಿಗೂ ದಡ್ ಅಂತ ಬಡಿಯುತ್ತದೆ. ರಬ್ಬರ್ ಕಿತ್ತು ಬಿಸಾಡಿದರೆ ಸದ್ದು ನಿಲ್ಲುವುದಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಆರ್ಮ್‌ಗಳ ಕೋನ ಬದಲಾಗಿ ಚಕ್ರದ ತಲೆ ಒಳಗೆ ವಾಲುತ್ತದೆ, ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ನೇರ, ಅದೂ ತಪ್ಪುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಮಂಗಳೂರಿಗೆ ಹತ್ತು ಸಲ ಹೋಗಿ ಬನ್ನಿ, ಟೈರಿನ ಒಳ ಅಂಚು ಬೋಳಾಗಿರುತ್ತದೆ. ಹೆಡ್‌ಲೈಟೂ ಮರೆಯಬೇಡಿ. ಹಿಂದೆ ಜಾಸ್ತಿ ಇಳಿಸಿದರೆ ಬೆಳಕು ಎದುರಿನವನ ಕಣ್ಣಿಗೆ.

ಹಂಪ್ಸ್ ಬಗ್ಗೆ ಹೇಳದೆ ನಮ್ಮೂರಲ್ಲಿ ಈ ಮಾತು ಮುಗಿಯುವುದಿಲ್ಲ. ರಸ್ತೆಗಳಿಗೆ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಅಳತೆಯ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂದರೆ 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಂಡು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2.8 ಮೀಟರ್ ಇರುವ ಗಾಡಿ ಅದರ ಮೇಲೆ ನಿಂತರೆ ಎರಡೂ ಚಕ್ರ ಹಂಪಿನ ಮೇಲೇ ಇರುತ್ತವೆ. ಹೊಟ್ಟೆಯ ಕೆಳಗೆ ಹಂಪ್ ತಿನ್ನುವ ಜಾಗ ಸುಮಾರು 6 ಸೆಂಟಿಮೀಟರ್ ಮಾತ್ರ. ತಗ್ಗಿಸಿದ ಗಾಡಿಯೂ ಆರಾಮಾಗಿ ದಾಟುತ್ತದೆ. ಆದರೆ ಊರಿನವರು ರಾತ್ರಿ ಹಾಕಿಸಿದ ಅಡಿಯಗಲದ ಹಂಪ್ ಇದೆಯಲ್ಲ, ಅದು 15 ಸೆಂಟಿಮೀಟರ್ ಎತ್ತರ ಇದ್ದರೆ ಪೂರ್ತಿ 15 ತಿನ್ನುತ್ತದೆ. ನಿಮ್ಮ ಸೈಲೆನ್ಸರಿಗೆ ಅದು ಗೊತ್ತಾಗುತ್ತದೆ.

ಈ ಹುಚ್ಚು ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ 1958ರಿಂದ 2023ರ ಕೊನೆಯವರೆಗೆ ಒಂದು ಕಾನೂನು ಇತ್ತು: ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇರಬಾರದು. ನನಗೆ ಇದು ಬಹಳ ಇಷ್ಟ. ಟೈರ್ ಪಂಕ್ಚರ್ ಆಗಿ ರಿಮ್ ನೆಲಕ್ಕೆ ಕೂತರೂ ಸ್ಟೀರಿಂಗಿನ ರಾಡಾಗಲಿ ಬ್ರೇಕಿನ ಪೈಪಾಗಲಿ ರಸ್ತೆಗೆ ತಾಗಬಾರದು, ಅಷ್ಟೇ. ಒಂದು ದಾರ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಟಿಗೆ ಗಡಿ ಹಾಕುತ್ತದೆ. 2019ರ ತಿದ್ದುಪಡಿ ಪ್ರಕಾರ, ಕಾಯ್ದೆ ಒಪ್ಪದ ಮಾರ್ಪಾಟು ಮಾಡಿದ ಮಾಲಿಕನಿಗೆ ಒಂದೊಂದಕ್ಕೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಾಗಿ ನಾನು ಬ್ಲಾಕ್ ತೆಗೆದುಬಿಟ್ಟೆ. ಮುಂದಿನದನ್ನು ಮ್ಯಾನ್ಯುಯಲ್‌ನ ಅಳತೆಯ ಒಳಗೇ ಇಟ್ಟಿದ್ದೇನೆ.

ತೆಗೆಯುವಾಗ ಇನ್ನೊಂದು ಕಂಡೆ. ಐಸ್ ಕರಗಿದ ಮೀನಿನ ನೀರು ವರ್ಷಗಟ್ಟಲೆ ಸೋರಿ, ಪ್ಲೇಟ್‌ಗಳ ನಡುವೆ ತುಕ್ಕು ಉಬ್ಬಿ, ಒಂದರ ಮೇಲೊಂದು ಜಾರುವುದೇ ನಿಂತಿತ್ತು. ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದ ಮೇಲೆ ಹಿಂಭಾಗ ತಾನಾಗೇ ಸ್ವಲ್ಪ ಇಳಿಯಿತು. ಸವಾರಿಯೂ ಮೆತ್ತಗಾಯಿತು. ಹಳೆ ಗಾಡಿಯಲ್ಲಿ ಇದನ್ನು ಮೊದಲು ಮಾಡಿ. ಚಾಸಿಗೆ ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಅಂದರೆ ಸರಿ, ಡಬ್ ಅಂದರೆ ತಗ್ಗಿಸುವ ಯೋಚನೆ ಬಿಟ್ಟು ವೆಲ್ಡರನ್ನು ಕರೆಯಿರಿ.

ಗಾಡಿ ಹೊರಗೆ ನಿಂತಿದೆ, ಬನ್ನಿ. ಬಿಳಿ ಅಂಗಿ ಹಾಕಿದವರು ಟೇಪ್ ಹಿಡಿಯಿರಿ, ಉಳಿದವರು ಅಡಿಗೆ. ಆ ವಾಲ್ವಿನ ರಾಡು ಎಲ್ಲಿದೆ ಅಂತ ನಾನು ತೋರಿಸುವುದಿಲ್ಲ, ನೀವೇ ಹುಡುಕಿ.