‘ವಿ’ ಬಂದರೆ ಯಂತ್ರ ನಿಂತಿತು

ಕೇಳುಗರಿಗೆ ನಮಸ್ಕಾರ.

ಎಲೆಕ್ಟ್ರಾನಿಕ್ಸ್ ಓದಿದವರಿಗೆ 8085 ಕಿಟ್ ನೆನಪಿರಬೇಕು. ಇಂಟೆಲ್ ಕಂಪನಿ 1976ರಲ್ಲಿ ತಂದ ಎಂಟು ಬಿಟ್ಟಿನ ಪ್ರೊಸೆಸರ್ ಅದು. ಲ್ಯಾಬಿನಲ್ಲಿ ಕೂತು ಒಂದೊಂದೇ ಸಂಖ್ಯೆ ಒತ್ತಿ ಪ್ರೋಗ್ರಾಂ ತುಂಬುತ್ತಿದ್ದೆವು. ಆ ಹಳೆಯ ಮೋಹಕ್ಕೆ ಬಿದ್ದು ಪೈಥಾನ್‌ನಲ್ಲಿ ಅದಕ್ಕೊಂದು ಅಸೆಂಬ್ಲರ್, ಜೊತೆಗೊಂದು ಎಮ್ಯುಲೇಟರ್ ಬರೆದುಕೊಂಡೆ. ಮೊದಲನೆಯದು ಆಜ್ಞೆಗಳನ್ನು ಸಂಖ್ಯೆಗಳಾಗಿಸುತ್ತದೆ, ಎರಡನೆಯದು ಅವನ್ನು ಚಿಪ್ಪಿನಂತೆಯೇ ನಡೆಸುತ್ತದೆ. ಕೂಡುವ ಕಳೆಯುವ ಲೆಕ್ಕವೆಲ್ಲ ಸರಾಗವಾಗಿತ್ತು. ಪರದೆಯ ಮೇಲೆ ಒಂದು ಹೆಸರು ತೋರಿಸೋಣ ಎಂದು ಹೊರಟೆ ನೋಡಿ, ಪಜೀತಿ ಶುರುವಾಯಿತು.

ಹೆಸರನ್ನು ಮೆಮೊರಿಯಲ್ಲಿಡಲು ಡೈರೆಕ್ಟಿವ್ ಬೇಕು. ಅದು ಪ್ರೊಸೆಸರಿಗೆ ಹೇಳುವ ಮಾತಲ್ಲ, ಅಸೆಂಬ್ಲರಿಗೆ ಹೇಳುವ ಮಾತು. ‘ಡಿಬಿ’ ಎಂದರೆ ಮುಂದಿರುವುದನ್ನು ಬೈಟು ಬೈಟಾಗಿ ಇಲ್ಲೇ ಇಡು. ‘ಡಿಡಬ್ಲ್ಯೂ’ ಎಂದರೆ ಎರಡೆರಡು ಬೈಟಿನ ಸಂಖ್ಯೆ, ಅದರಲ್ಲೂ ಕೆಳಗಿನ ಬೈಟು ಮೊದಲು. ‘ಡಿಎಸ್’ ಎಂದರೆ ಇಷ್ಟು ಜಾಗ ಬಿಡು.

ನಾನು ಹೆಸರನ್ನು ಪ್ರೋಗ್ರಾಮಿನ ತಲೆಯಲ್ಲೇ ಇಟ್ಟೆ; ಅದನ್ನು ದಾಟಿ ಹೋಗು ಎಂಬ ಜಂಪ್ ಹಾಕಲು ಮರೆತೆ. ಚಿಪ್ಪಿಗೆ ಅಕ್ಷರ, ಆಜ್ಞೆ ಎಂಬ ಭೇದ ಎಲ್ಲಿಂದ ಬರಬೇಕು? 8085ರಲ್ಲಿ 64ರಿಂದ 127ರವರೆಗಿನ ಸಂಖ್ಯೆಗಳು ಒಂದನ್ನು ಬಿಟ್ಟು ಎಲ್ಲವೂ ‘ಮೂವ್’ ಆಜ್ಞೆಗಳು, ಅಂದರೆ ಒಂದು ಕಡೆ ಇದ್ದುದನ್ನು ಇನ್ನೊಂದು ಕಡೆಗೆ ಹಾಕುವಂಥವು. ಇಂಗ್ಲಿಷ್ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಗೊತ್ತುಮಾಡಿರುವ ಆಸ್ಕಿ ಸಂಖ್ಯೆಗಳೂ ಅಲ್ಲೇ ಇವೆ. ನಾನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ‘ಕಾವೇರಿ’ ಎಂದು ಬರೆದಿದ್ದೆ. ಮೊದಲ ‘ಕೆ’, ಚಿಪ್ಪಿನೊಳಗಿನ ಪುಟ್ಟ ಖಾನೆಗಳಲ್ಲಿ ಒಂದಾದ ‘ಇ’ ರಿಜಿಸ್ಟರಿನಲ್ಲಿದ್ದುದನ್ನು ಎಲ್‌ಗೆ ಹಾಕಿತು. ‘ಎ’ ಬಂದು ಸಿಯಲ್ಲಿದ್ದುದನ್ನು ಎಚ್‌ಗೆ ಹಾಕಿತು. ಮುಂದಿನದು ‘ವಿ’, ಅದರ ಸಂಖ್ಯೆ 118. ಬಿಟ್ಟ ಆ ಒಂದು ಅದೇ: ‘ಹಾಲ್ಟ್’. ಯಂತ್ರ ನಿಂತೇ ಹೋಯಿತು! ಸಿಟ್ಟು ಬರಲಿಲ್ಲ, ನಗು ಬಂತು.

ಜಂಪ್ ಹಾಕಿದೆ. ಆಮೇಲೆ ಹೆಸರಿನ ಜಾಗದಲ್ಲಿ ಕನ್ನಡ ಲಿಪಿಯಲ್ಲೇ ‘ಕನ್ನಡ’ ಎಂದು ಬರೆದು, ಮುಗಿಯಿತೆಂಬ ಗುರುತಿಗೆ ಕೊನೆಯಲ್ಲೊಂದು ಸೊನ್ನೆ ಇಟ್ಟೆ. ಮತ್ತೆ ಎಡವಟ್ಟು. ನನ್ನ ಅಸೆಂಬ್ಲರ್ ಬರೆದದ್ದನ್ನು ಎರಡು ಸಲ ಓದುತ್ತದೆ: ಒಮ್ಮೆ ಪ್ರೋಗ್ರಾಮಿನ ಜಾಗಗಳಿಗಿಟ್ಟ ಹೆಸರುಗಳ, ಅಂದರೆ ಲೇಬಲ್‌ಗಳ ವಿಳಾಸ ಗುರುತಿಸಲು, ಇನ್ನೊಮ್ಮೆ ಬೈಟು ಬರೆಯಲು. ಆಜ್ಞೆಯಾದರೆ ಒಂದೋ ಎರಡೋ ಮೂರೋ ಬೈಟು, ಆಜ್ಞೆಯ ಹೆಸರು ನೋಡಿದರೇ ಅಳತೆ ತಿಳಿಯುತ್ತದೆ. ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ಎಣಿಸಿಯೇ ತಿಳಿಯಬೇಕು. ‘ಕನ್ನಡ’ದಲ್ಲಿ ಪೈಥಾನ್ ಕಂಡದ್ದು 5: ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 15. ಮೊದಲ ಓದು 5 ಎಣಿಸಿತು, ಎರಡನೆಯದು 15 ಬರೆಯಿತು. ಕೆಳಗಿನ ಲೇಬಲ್‌ಗಳೆಲ್ಲ 10 ಬೈಟು ಹಿಂದೆ ಸರಿದವು. ನನ್ನ ಜಂಪ್ ಹೋಗಿ ಬಿದ್ದದ್ದು ಸರಿಯಾಗಿ ಆ ಹಲಂತದ ಮೇಲೆ. ಸ್ಟ್ರಿಂಗನ್ನು ಮೊದಲು ಬೈಟುಗಳಾಗಿಸಿ, ಆಮೇಲೆ ಎಣಿಸುವಂತೆ ತಿದ್ದಿದೆ.



ಕೊನೆಯ ತೊಡಕು ಎಮ್ಯುಲೇಟರಿನದು. ಬೈಟನ್ನು ಹೊರಗೆ ಕಳಿಸುವ ‘ಔಟ್’ ಆಜ್ಞೆ ಬಂದಾಗಲೆಲ್ಲ ಅದು ಬೈಟೊಂದನ್ನು ಪೂರ್ತಿ ಅಕ್ಷರವೆಂದೇ ತಿಳಿದು ಅಚ್ಚು ಮಾಡುತ್ತಿತ್ತು. ಪರದೆ ತುಂಬ ಗುರುತು ಸಿಗದ ಚಿಹ್ನೆಗಳು. ಬೈಟನ್ನು ಬೈಟಾಗಿಯೇ ಟರ್ಮಿನಲ್ಲಿಗೆ ಒಪ್ಪಿಸಿದೆ. ಮೂರು ಮೂರನ್ನು ಜೋಡಿಸಿ ಓದುವುದು ಅದಕ್ಕೆ ಗೊತ್ತು. ‘ಕನ್ನಡ’ ಬಂತು. ಅಸೆಂಬ್ಲರಿಗೆ ‘ಡಿಎಸ್’ ಕಲಿಸುವುದು ಇನ್ನೂ ಬಾಕಿ ಇದೆ.

ನಮಸ್ಕಾರ.