ಅಂಟು ಕೊಳ್ಳುವ ಮೊದಲು ಜಾಗ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಭಾಷಣವನ್ನು ಬರೆದುಕೊಳ್ಳುವಾಗ ನಾನು ಒಬ್ಬ ಕೇಳುಗರನ್ನು ಕಣ್ಣ ಮುಂದೆ ಕೂರಿಸಿಕೊಂಡಿದ್ದೆ. ಅವರು ಮಂಡ್ಯದ ಕಡೆಯ ಯಾವುದೋ ಮನೆಯ ಜಗಲಿಯ ಮೇಲೆ ಕುಳಿತಿದ್ದಾರೆ. ಎದುರಿಗೆ ಒಂದು ಕಾಲು ಕಳಚಿದ ಕುರ್ಚಿಯಿದೆ, ಕೈಯಲ್ಲಿ ಅಂಗಡಿಯವನು ಕೊಟ್ಟ ಅಂಟಿನ ಟ್ಯೂಬಿದೆ, ಪಕ್ಕದಲ್ಲಿ ರೇಡಿಯೋ ಹಾಡುತ್ತಿದೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ದಯವಿಟ್ಟು ಆ ಟ್ಯೂಬಿನ ಮುಚ್ಚಳವನ್ನು ಇನ್ನು ಹದಿನೈದು ನಿಮಿಷ ತೆರೆಯಬೇಡಿ. ಅದಕ್ಕೆ ಮೊದಲು, ಈ ಕುರ್ಚಿ ಎಲ್ಲಿ ಕೂರುತ್ತದೆ ಎಂಬುದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನೀರು ಸೋಕದ ನಡುಮನೆಯಲ್ಲಿಯೋ, ಪಾತ್ರೆ ತೊಳೆಯುವ ಹಿತ್ತಿಲಿನಲ್ಲಿಯೋ, ಬಿಸಿಲು ಮಳೆಗೆ ಮೈಯೊಡ್ಡಿದ ಅಂಗಳದಲ್ಲಿಯೋ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಅಂಟು ಎಂಬ ಪ್ರಶ್ನೆ ಮುಕ್ಕಾಲು ಪಾಲು ತೀರಿದಂತೆಯೇ.

ಮೈಸೂರಿನಲ್ಲಿ ಮರಗೆಲಸವನ್ನು ಕಲಿಸುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಅಷ್ಟೂ ವರ್ಷ ವಿದ್ಯಾರ್ಥಿಗಳು ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೆಂದರೆ, "ಸಾರ್, ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದು?" ಎಂಬುದು. ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಚಪ್ಪಲಿ ಕೊಳ್ಳುವಾಗ ನಾವು ಎಲ್ಲಕ್ಕಿಂತ ಗಟ್ಟಿ ಚಪ್ಪಲಿ ಯಾವುದೆಂದು ಕೇಳುವುದಿಲ್ಲ, ಗದ್ದೆಗೆ ಹೋಗಲು ಬೇಕೇ ಮದುವೆಗೆ ಹೋಗಲು ಬೇಕೇ ಎಂದು ಮೊದಲು ಯೋಚಿಸುತ್ತೇವೆ. ಅಂಟಿನ ವಿಷಯ ಬಂದಾಗ ಮಾತ್ರ ಆ ವಿವೇಕವನ್ನು ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋಗುತ್ತೇವೆ.

ನಾವೆಲ್ಲ ಫೆವಿಕಾಲ್ ಎಂದೇ ಕರೆಯುವ ಬಿಳಿ ಅಂಟಿನಿಂದ ಆರಂಭಿಸೋಣ. ಇದರಲ್ಲಿ ಪಾಲಿವೈನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತುವಿನ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಹಚ್ಚಿದ ಮೇಲೆ ಮರವು ಆ ನೀರನ್ನು ಹೀರಿಕೊಳ್ಳುತ್ತದೆ, ಕಣಗಳು ಒಂದಕ್ಕೊಂದು ಒತ್ತಿಕೊಂಡು ತೆಳುವಾದ ಪೊರೆಯಾಗಿ ನಾರುಗಳನ್ನು ಹಿಡಿದುಕೊಳ್ಳುತ್ತವೆ. ನೀರಿಗೆ ಹೊರಹೋಗಲು ದಾರಿಯಿಲ್ಲದ ಗಾಜಿನ ಮೇಲೆ, ಲೋಹದ ಮೇಲೆ, ಪಾಲಿಶ್ ಹೊಡೆದ ಅಥವಾ ಬಣ್ಣ ಬಳಿದ ಮರದ ಮೇಲೆ ಅದು ಹಿಡಿಯದಿರುವುದಕ್ಕೆ ಇದೇ ಕಾರಣ. ಬರಿಯ ಮರಕ್ಕೆ ಬರಿಯ ಮರವನ್ನು ಸೇರಿಸಿ, ಮನೆಯೊಳಗೆ ಒಣಗಿರುವ ಜಾಗದಲ್ಲಿ ಇಡುವುದಾದರೆ, ಅದಕ್ಕಿಂತ ಒಳ್ಳೆಯ ಅಂಟನ್ನು ಹುಡುಕುತ್ತಾ ನೀವು ಅಲೆಯಬೇಕಾದ ಅಗತ್ಯವಿಲ್ಲ.

ಈ ವಸ್ತುವನ್ನು ಜರ್ಮನಿಯ ಫ್ರಿಟ್ಸ್ ಕ್ಲಾಟೆ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದದ್ದು 1912ರಲ್ಲಿ. ನಮ್ಮ ಈಗಿನ ಅರಮನೆಯ ಕೆಲಸ ಮುಗಿದದ್ದೂ ಅದೇ 1912ರಲ್ಲಿ. ಹಾಗೆಂದ ಮೇಲೆ, ಅಂಬಾವಿಲಾಸದ ಬೀಟೆ ಮರದ ಬಾಗಿಲಿನಲ್ಲಿ ದಂತದ ಬಳ್ಳಿಗಳನ್ನು ಕೂರಿಸಿದ ಕುಶಲಿಗಳ ಕೈಯಲ್ಲಿ ಈ ಬಿಳಿ ಡಬ್ಬಿ ಇರಲಿಲ್ಲ ಎಂಬುದು ಸ್ಪಷ್ಟ. ಆ ಕಾಲದ ಮರಗೆಲಸದವರ ಅಂಟೆಂದರೆ ವಜ್ರ, ಕೆಲವರ ಬಾಯಲ್ಲಿ ಮರವಜ್ರ ಅಥವಾ ಸರೇಸು. ಪ್ರಾಣಿಗಳ ತೊಗಲು ಮೂಳೆಗಳನ್ನು ಬೇಯಿಸಿ ತೆಗೆದ ಅಂಟು ಅದು. ಬೆಲ್ಲದ ಚೂರಿನ ಬಣ್ಣದ ಹರಳುಗಳನ್ನು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ನೀರಿರುವ ದೊಡ್ಡ ಪಾತ್ರೆಯೊಳಗೆ ಚಿಕ್ಕ ಪಾತ್ರೆಯನ್ನು ಇಟ್ಟು ಹದವಾಗಿ ಬಿಸಿ ಮಾಡಬೇಕು. ಸುಮಾರು 60 ಡಿಗ್ರಿಯ ಕಾವು ಸಾಕು, ಕುದಿಸಿದರೆ ಅದರ ಕಸುವು ಹೋಗುತ್ತದೆ. ವಾಸನೆಯ ಬಗ್ಗೆ ನಾನು ಏನೂ ಹೇಳದಿರುವುದೇ ಮರ್ಯಾದೆ.

ವಜ್ರಕ್ಕೆ ಒಂದು ದೊಡ್ಡ ಗುಣವಿದೆ: ಬಿಸಿ ಮತ್ತು ತೇವ ತಾಗಿಸಿದರೆ ಅದು ಬಿಟ್ಟುಕೊಡುತ್ತದೆ. ಇದನ್ನು ದೋಷವೆಂದು ತಿಳಿಯುವವರು ವಾದ್ಯಗಳನ್ನು ರಿಪೇರಿ ಮಾಡುವವರ ಬಳಿ ಅರ್ಧ ಗಂಟೆ ಕೂರಬೇಕು. ಪಿಟೀಲಿನ ಮೇಲು ಹಲಗೆಯನ್ನು ಇಂದಿಗೂ ಈ ಅಂಟಿನಿಂದಲೇ ಕೂರಿಸುತ್ತಾರೆ, ಏಕೆಂದರೆ ಐವತ್ತು ವರ್ಷಗಳ ಮೇಲಾದರೂ ಅದನ್ನು ಒಡೆಯದೆ ತೆರೆಯಬೇಕಾಗುತ್ತದೆ. ನಮ್ಮ ವೀಣೆಯವರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ವೀಣೆಯ 24 ಲೋಹದ ಮೆಟ್ಟಿಲುಗಳನ್ನು ಅವರು ಅಂಟಿಸುವುದೇ ಇಲ್ಲ, ಮೇಣದ ಮೇಲೆ ಕೂರಿಸುತ್ತಾರೆ. ಶ್ರುತಿ ಕದಲಿದಾಗ ಮೇಣವನ್ನು ಬಿಸಿ ಮಾಡಿ ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಲು ಬರಬೇಕಲ್ಲ! ವಸ್ತು ಎಲ್ಲಿ ಕೂರುತ್ತದೆ, ಎಷ್ಟು ಕಾಲ ಕೂರುತ್ತದೆ ಎಂದು ಅವರು ಮೊದಲೇ ಕೇಳಿಕೊಂಡಿದ್ದಾರೆ.

ಮೆಟ್ಟಿಲಿನ ಮಾತು ಬಂದ ಮೇಲೆ ಇನ್ನೊಂದು ಮೆಟ್ಟಿಲಿನ ಕತೆಯನ್ನು ಹೇಳದೆ ಮುಂದಕ್ಕೆ ಹೋಗಲು ನನ್ನಿಂದಾಗದು. ಅದು ನಾನು ತರಬೇತಿ ಮುಗಿಸಿ, ಪ್ರಮಾಣಪತ್ರದ ಶಾಯಿ ಇನ್ನೂ ಆರದಿದ್ದ ವರ್ಷ. ನಮ್ಮ ಅಕ್ಕ ಭಾವ ಮೈಸೂರಿನ ಅಗ್ರಹಾರದ ಒಂದು ಹಳೆಯ ಮನೆಯಲ್ಲಿದ್ದರು. ದಸರೆಗೆ ಗೊಂಬೆ ಕೂರಿಸಲು ಅಕ್ಕ ಪ್ರತಿವರ್ಷವೂ ಟ್ರಂಕು, ಹಿಟ್ಟಿನ ಡಬ್ಬ, ಹಳೆಯ ಹಲಗೆಗಳನ್ನೆಲ್ಲ ಒಟ್ಟಿ, ಮೇಲೆ ಬಿಳಿ ಪಂಚೆ ಹಾಸುತ್ತಿದ್ದರು. ಅದರ ಹಿಂದಿನ ವರ್ಷ ಹಲಗೆ ಜಾರಿ, ಪಟ್ಟದ ಗೊಂಬೆಗಳಲ್ಲಿ ರಾಣಿಯ ಮೂಗು ಮುಕ್ಕಾಗಿತ್ತು. "ಕಲಿತದ್ದಕ್ಕೆ ಸಾರ್ಥಕವಾಗಿ ಒಂದು ಮೆಟ್ಟಿಲು ಮಾಡಿಕೊಡೋ, ಅಲುಗಬಾರದು ನೋಡು" ಎಂದರು ಅಕ್ಕ.

ಅಲುಗಬಾರದು ಎಂಬ ಒಂದು ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ಹೊನ್ನೆ ಮರದ ಚೌಕಟ್ಟು, ಒಂಬತ್ತು ಮೆಟ್ಟಿಲು, ಐದಡಿ ಅಗಲ, ಆರಡಿ ಎತ್ತರ, ಆಳವೂ ಹೆಚ್ಚುಕಡಿಮೆ ಅಷ್ಟೇ. ಮರದ ತುದಿಗಳನ್ನು ನಾಲಿಗೆಯಂತೆ ಕೆತ್ತಿ, ಎದುರು ಮರದಲ್ಲಿ ಅದಕ್ಕೆ ತಕ್ಕ ತೂತು ಕೊರೆದು, ಒಂದೊಂದು ಸಂದಿಗೂ ಬಿಳಿ ಅಂಟನ್ನು ಹಚ್ಚಿ, ಹಗ್ಗ ಬಿಗಿದು ರಾತ್ರಿಯಿಡೀ ಬಿಟ್ಟು, ಎಲ್ಲವನ್ನೂ ಅವರ ನಡುಮನೆಯಲ್ಲಿಯೇ ಕೂಡಿಸಿದೆ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಭಾವ, ಎಂಬತ್ತು ಕಿಲೋ ತೂಗುವ ಆಳು, ನಾಲ್ಕನೆಯ ಮೆಟ್ಟಿಲಿನ ಮೇಲೆ ನಿಂತು ಎರಡು ಬಾರಿ ಕುಪ್ಪಳಿಸಿ ನೋಡಿದರು. ಅದು ಕಿರ್ ಎನ್ನಲಿಲ್ಲ. ಆ ನವರಾತ್ರಿ ಆರತಿಗೆ ಬಂದ ಬೀದಿಯ ಹೆಂಗಸರೆಲ್ಲ ಗೊಂಬೆಗಳಿಗಿಂತ ಹೆಚ್ಚಾಗಿ ಮೆಟ್ಟಿಲನ್ನೇ ಹೊಗಳಿದರು ಎಂದು ನಾನು ಇಂದಿಗೂ ನಂಬಿದ್ದೇನೆ.

ವಿಜಯದಶಮಿ ಕಳೆಯಿತು. ಗೊಂಬೆಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದ ಮೇಲೆ ಅಕ್ಕ, "ಇನ್ನು ಇದನ್ನು ಬಿಚ್ಚಿ ಅಟ್ಟಕ್ಕೆ ಹಾಕಪ್ಪ" ಎಂದರು. ಬಿಚ್ಚುವುದು! ಆ ಪದ ಅಲ್ಲಿಯವರೆಗೆ ನನ್ನ ತಲೆಯೊಳಗೆ ಸುಳಿದೇ ಇರಲಿಲ್ಲ. ನಡುಮನೆಯ ಬಾಗಿಲಿನ ಅಗಲ ಎರಡೂವರೆ ಅಡಿ. ಕುದಿಯುವ ನೀರಿನಲ್ಲಿ ಅದ್ದಿದ ಗೋಣಿಬಟ್ಟೆಯನ್ನು ಸಂದುಗಳಿಗೆ ಸುತ್ತಿ, ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಇಟ್ಟೆ. ಹಲಗೆಗಳ ಅಂಚಿನಲ್ಲಿದ್ದ ಕೆಲವು ಸಂದುಗಳು ಮೆತ್ತಗಾಗಿ, ಹಲಸಿನ ಮೇಣದಂತೆ ಎಳೆಎಳೆಯಾಗಿ ಬಿಟ್ಟವು. ಆದರೆ ತೂತಿನೊಳಗೆ ಹೊಕ್ಕಿದ್ದ ನಾಲಿಗೆಗಳಿಗೆ ಆ ಕಾವು ತಲುಪಲಿಲ್ಲ. ಕೊಡತಿಯಿಂದ ಹೊಡೆದಾಗ ಮರ ಸೀಳಿತು, ಅಂಟು ಬಿಡಲಿಲ್ಲ. ಸೀಳಿದ ಜಾಗವನ್ನು ಹತ್ತಿರದಿಂದ ನೋಡಿದರೆ ಅಂಟಿನ ಗೆರೆ ಹಚ್ಚಿದಂತೆಯೇ ಇತ್ತು, ಪಕ್ಕದ ಮರದ ನಾರು ಕಿತ್ತುಕೊಂಡು ಬಂದಿತ್ತು. ಸರಿಯಾಗಿ ಹಚ್ಚಿದ ಬಿಳಿ ಅಂಟು ಮರಕ್ಕಿಂತಲೂ ಬಲವಾಗಿರುತ್ತದೆ ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ, ಅಕ್ಕನ ಮುಖವನ್ನು ನೋಡುತ್ತಾ.

ದೀಪಾವಳಿಯವರೆಗೆ ಆ ಮೆಟ್ಟಿಲು ನಡುಮನೆಯಲ್ಲಿಯೇ ನಿಂತಿತ್ತು. ಕೆಳಗಿನ ಮೆಟ್ಟಿಲುಗಳ ಮೇಲೆ ತರಕಾರಿ ಬುಟ್ಟಿ, ಮೇಲಿನವುಗಳ ಮೇಲೆ ಮಕ್ಕಳ ಪುಸ್ತಕ, ಎಲ್ಲಕ್ಕಿಂತ ಮೇಲೆ, ರಾಜರಾಣಿಯರಿದ್ದ ಜಾಗದಲ್ಲಿ, ಭಾವನವರ ಛತ್ರಿ. ಕೊನೆಗೆ ದೊಡ್ಡ ಗರಗಸಕ್ಕಾಗಿ ಪಕ್ಕದ ಬೀದಿಯ ಹಿರಿಯ ಆಚಾರಿಯೊಬ್ಬರನ್ನು ಕರೆತಂದೆ. ಅವರು ಸುತ್ತಲೂ ಒಮ್ಮೆ ನಡೆದು ನೋಡಿ, ಸಂದುಗಳ ಮೇಲೆ ಉಗುರಿನಿಂದ ಗೀರಿ, "ಕೆಲಸ ಚೆನ್ನಾಗಿದೆ. ಇದು ಎಲ್ಲಿರಬೇಕಾದ ಸಾಮಾನು?" ಎಂದು ಕೇಳಿದರು. ನಡುಮನೆಯಲ್ಲಿ ಎಂದೆ. "ಹತ್ತು ದಿನ ನಡುಮನೇಲಿ. ಮಿಕ್ಕ ವರ್ಷವೆಲ್ಲ ಅಟ್ಟದ ಮೇಲೆ ತಾನೇ? ನೀನು ಹತ್ತು ದಿನಕ್ಕೆ ಅಂಟು ಹಾಕಿದ್ದೀಯ ಕಣಪ್ಪ" ಎಂದು ಹೇಳಿ ಗರಗಸವನ್ನು ನನ್ನ ಕೈಗೇ ಕೊಟ್ಟರು. ಮರುವರ್ಷ ಅದೇ ಮರದಿಂದ, ಒಂದು ತೊಟ್ಟೂ ಅಂಟಿಲ್ಲದೆ, ಬರಿಯ ಮರದ ಬೆಣೆಗಳಿಂದ ಬಿಗಿಯುವ ಮೆಟ್ಟಿಲನ್ನು ಮಾಡಿಕೊಟ್ಟೆ. ಏಳು ಮೆಟ್ಟಿಲಿಗಷ್ಟೇ ಮರ ಸಾಲುತ್ತಿತ್ತು. ಈಗಲೂ ಪ್ರತಿ ದಸರೆಗೆ ಅದು ಅಟ್ಟದಿಂದ ಇಳಿಯುತ್ತದೆ.

ಕತೆ ಉದ್ದವಾಯಿತು, ಕ್ಷಮಿಸಬೇಕು. ಉಳಿದಿರುವ ಸಮಯದಲ್ಲಿ ನೀರಿನ ವಿಷಯವನ್ನಾದರೂ ಹೇಳಿ ಮುಗಿಸಬೇಕು, ಏಕೆಂದರೆ ಮನೆಗಳಲ್ಲಿ ಅತಿ ಹೆಚ್ಚು ಮರ ಹಾಳಾಗುವುದು ಅಲ್ಲಿಯೇ. ಮನೆ ಕಟ್ಟಿಸುವವರು ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿಗೆಂದು ನೀರು ತಡೆಯುವ ದುಬಾರಿ ಪ್ಲೈವುಡ್ಡನ್ನು ಕೇಳಿ ತರುತ್ತಾರೆ. ಆ ಹಲಗೆಯ ಪದರಗಳನ್ನು ಕಾರ್ಖಾನೆಯಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಎಂಬ, ಕುದಿನೀರಿಗೂ ಬಗ್ಗದ ಅಂಟಿನಿಂದ ಒತ್ತಿರುತ್ತಾರೆ. ಅಷ್ಟು ಖರ್ಚು ಮಾಡಿದ ಮೇಲೆ, ಆ ಹಲಗೆಗಳನ್ನು ಒಂದಕ್ಕೊಂದು ಕೂಡಿಸುವಾಗ ಮಾತ್ರ ಕೈಗೆ ಸಿಕ್ಕಿದ ಮಾಮೂಲಿ ಬಿಳಿ ಅಂಟನ್ನು ಹಚ್ಚುತ್ತಾರೆ! ಎರಡು ಮಳೆಗಾಲ ಕಳೆಯುವುದರೊಳಗೆ ಹಲಗೆ ಗಟ್ಟಿಯಾಗಿಯೇ ಇರುತ್ತದೆ, ಸಂದು ಬಾಯಿ ಬಿಟ್ಟಿರುತ್ತದೆ, ಮನೆಯವರು ಪ್ಲೈವುಡ್ಡನ್ನು ಬೈಯುತ್ತಿರುತ್ತಾರೆ. ನೀರು ತಡೆಯುವ ಬಿಳಿ ಅಂಟು ಬೇರೆಯೇ ಸಿಗುತ್ತದೆ, ಬಾಯಿ ಬಿಟ್ಟು ಕೇಳಬೇಕು ಅಷ್ಟೆ. ಯುರೋಪಿನ ಮಾನಕದಲ್ಲಿ ಇಂತಹ ಅಂಟುಗಳಿಗೆ ಡಿ-1ರಿಂದ ಡಿ-4ರವರೆಗೆ ನಾಲ್ಕು ದರ್ಜೆಗಳಿವೆ. ಡಬ್ಬಿಯ ಮೇಲೆ ಡಿ-3 ಎಂದಿದ್ದರೆ ಅಡುಗೆಮನೆಗೆ ಸಾಕು. ನಾಲೆಯ ಬಯಲಿನ ಊರುಗಳಲ್ಲಿ, ಆಷಾಢದಲ್ಲಿ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಮನೆಗಳಲ್ಲಿ, ಅಡುಗೆಮನೆಯಲ್ಲದೆ ಬೇರೆ ಕಡೆಗೂ ಇದನ್ನೇ ಬಳಸುವುದು ಲೇಸು.

ಅಂಗಳದಲ್ಲಿ ಮಳೆಗೆ ನೆನೆಯುವ ಬೆಂಚಿಗೆ, ನೀರೆತ್ತುವ ಜಾಗದ ಸಾಮಾನಿಗೆ ಎಪಾಕ್ಸಿಯನ್ನು ಬಳಸಿ, ಅಂದರೆ ಎರಡು ಟ್ಯೂಬುಗಳಿಂದ ಹಿಂಡಿ ಕಲಸುವ ಅಂಟನ್ನು. ಕಂಪನಿಯವರು ಬರೆದಿರುವ ಪ್ರಮಾಣದಲ್ಲಿಯೇ ಕಲಸಿ, ಕಣ್ಣಳತೆ ಬೇಡ. ತೇಗದ ಮರದಲ್ಲಿ ಎಣ್ಣೆಯಂಶವಿರುವುದರಿಂದ ಅದನ್ನು ಮೊದಲು ಥಿನ್ನರಿನಿಂದ ಒರೆಸಿ ಆರಲು ಬಿಡಬೇಕು. ಎರಡು ಮೈಗೂ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತುವ ಹಳದಿ ರಬ್ಬರ್ ಅಂಟು ಮೈಕಾ ಹಾಳೆಗೆ ಮಾತ್ರ, ಕುರ್ಚಿ ಮೇಜಿನ ಕಾಲುಗಳಿಗೆ ಅದು ಕೂಡದು. ಒಲೆ ಉರಿಯುವ ಕೋಣೆಯಲ್ಲಿ ಅದರ ಡಬ್ಬಿಯನ್ನು ತೆರೆಯಲೂ ಕೂಡದು. ಕ್ಷಣದಲ್ಲಿ ಹಿಡಿಯುವ ಪುಟ್ಟ ಟ್ಯೂಬಿನ ಅಂಟು ಎದ್ದ ಚಕ್ಕೆಯನ್ನು ಕೂರಿಸಲು ಸರಿ, ಭಾರ ಹೊರಲು ಅಲ್ಲ. ಪೆಟ್ಟು ಬಿದ್ದರೆ ಅದು ಗಾಜಿನಂತೆ ಚಿಟಿಲ್ಲೆಂದು ಬಿಡುತ್ತದೆ.

ಇನ್ನೊಂದು ಅಭ್ಯಾಸದ ಬಗ್ಗೆ ಹೇಳದಿದ್ದರೆ ನನಗೆ ಇಂದು ನಿದ್ದೆ ಬರುವುದಿಲ್ಲ. ಸಂದು ಸರಿಯಾಗಿ ಕೂರದಿದ್ದಾಗ ಗರಗಸದ ಹೊಟ್ಟನ್ನು ಬಿಳಿ ಅಂಟಿನಲ್ಲಿ ಕಲಸಿ ಮೆತ್ತುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಮೊಳೆಯ ಗುಳಿಯನ್ನು ಮುಚ್ಚಲು ಆದೀತು, ಬಲಕ್ಕೆ ಆಗದು. ಮರ ಮರವನ್ನು ಮುಟ್ಟಬೇಕು, ನಡುವೆ ಕಾಗದದ ಹಾಳೆಯೂ ನುಸುಳಬಾರದು. ಉಳಿಯಿಂದ ಇನ್ನೆರಡು ಬಾರಿ ಸವರಲು ಬೇಸರಪಟ್ಟು, ಆ ಬೇಸರವನ್ನು ಅಂಟಿನಿಂದ ಮುಚ್ಚಲು ಹೋಗುವ ಈ ಪದ್ಧತಿಯನ್ನು ನಾನು ತರಗತಿಯಲ್ಲಿ ಯಾರಿಗೂ ಕ್ಷಮಿಸುತ್ತಿರಲಿಲ್ಲ.

ಈಗ ಜಗಲಿಯ ಮೇಲೆ ಕುಳಿತಿರುವವರ ಬಳಿಗೆ ಬರೋಣ. ನಿಮ್ಮ ಕುರ್ಚಿ ಎಲ್ಲಿ ಕೂರುತ್ತದೆ? ನಡುಮನೆಯಲ್ಲಿ ಎಂದಾದರೆ ಆ ಪುಟ್ಟ ಟ್ಯೂಬನ್ನು ಅಂಗಡಿಯವನಿಗೆ ಹಿಂದಿರುಗಿಸಿ, ಬಿಳಿ ಅಂಟನ್ನು ತನ್ನಿ. ಕಳಚಿದ ಕಾಲಿನ ತುದಿಯಲ್ಲಿಯೂ ತೂತಿನೊಳಗೂ ಹಳೆಯ ಅಂಟಿನ ಪೊರೆ ಗಾಜಿನಂತೆ ಹೊಳೆಯುತ್ತಿರುತ್ತದೆ. ಅದರ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಬರಿಯ ಮರ ಕಾಣುವವರೆಗೆ ಚಾಕುವಿನಿಂದ ಕೆರೆದು ತೆಗೆಯಿರಿ. ಎರಡೂ ಕಡೆಗೆ ತೆಳುವಾಗಿ ಹಚ್ಚಿ, ಕಾಲನ್ನು ಕೂರಿಸಿ, ಹಗ್ಗವನ್ನು ಸುತ್ತಿ, ಹಗ್ಗದ ನಡುವೆ ಒಂದು ಕೋಲನ್ನು ತೂರಿಸಿ ತಿರುಚುತ್ತಾ ಬಿಗಿಯಿರಿ. ಅಂಚಿನಲ್ಲಿ ಅಂಟು ಸಣ್ಣ ಮಣಿಗಳಂತೆ ಹೊರಬಂದರೆ ಹದ ಸರಿಯಾಗಿದೆ ಎಂದರ್ಥ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ. ನಾಳೆ ಇದೇ ಹೊತ್ತಿನವರೆಗೆ ಆ ಕುರ್ಚಿಯ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಿ, ಮನೆಗೆ ಬೀಗರೇ ಬಂದರೂ ಸರಿ, ಚಾಪೆ ಹಾಸಿ.

ನಮಸ್ಕಾರ.